ಚೀನಾದ ಕೀಲುನೋವಿನ ಕಷಾಯವೂ ನಮ್ಮ ತೋಟದ ಬಂದಳಿಕೆಯೂ



ನಾಟಿ, ಕಳೆ, ಕೊಯ್ಲು ಎಂದು ವರ್ಷಗಟ್ಟಲೆ ಬಗ್ಗಿ ದುಡಿದವರಿಗೆ ಸೊಂಟ, ಮೊಣಕಾಲುಗಳ ನೋವು ಹೊಸದಲ್ಲ. ಇಂತಹ ಹಳೆಯ ಕೀಲುನೋವಿಗೆ ಚೀನಾದಲ್ಲಿ 'ದುಹುವೊ ಜಿಶೆಂಗ್ ತಾಂಗ್' ಎಂಬ ಕಷಾಯ ಬಳಕೆಯಲ್ಲಿದೆ. ಏಳನೆಯ ಶತಮಾನದ ವೈದ್ಯ ಸುನ್ ಸಿಮಿಯಾವೊ ಇದನ್ನು ತನ್ನ ಗ್ರಂಥದಲ್ಲಿ ಬರೆದಿಟ್ಟ.

ಇದರಲ್ಲಿ 15 ಮೂಲಿಕೆಗಳಿವೆ. ಮೂಲ ಪಾಠದಂತೆ ದುಹುವೊ 3 ಪಾಲು, ಉಳಿದ 14 ತಲಾ 2 ಪಾಲು. ದುಹುವೊ ನಮ್ಮ ಕೊತ್ತಂಬರಿಯ ಕುಟುಂಬಕ್ಕೆ ಸೇರಿದ ಗಿಡ. ಬಳಸುವುದು ಅದರ ಬೇರನ್ನು. 'ಜಿಶೆಂಗ್' ಎಂದರೆ ಪರಾವಲಂಬಿ. ಅದು ಹಿಪ್ಪುನೇರಳೆ ಮರದ ಬಂದಳಿಕೆ.

ಹಾಗಾದರೆ ನಮ್ಮ ಮಾವು, ಸಪೋಟ ಮರಗಳ ಬಂದಳಿಕೆಯನ್ನು ಕುದಿಸಿ ಕುಡಿಯಬಹುದೇ? ಕೂಡದು. ಕಾರಣಗಳು ಹೀಗಿವೆ.

ಆಸರೆ ಮರ: ಚೀನಾದ ಬಂದಳಿಕೆಯೂ ನಮ್ಮದೂ ಒಂದೇ ಕುಟುಂಬಕ್ಕೆ ಸೇರಿದರೂ ಜಾತಿ ಬೇರೆ. ಅಲ್ಲದೆ ಬಂದಳಿಕೆ ತನ್ನ ಬೇರನ್ನು ಕೊಂಬೆಯೊಳಗೆ ಇಳಿಸಿ, ನೀರು, ಲವಣಗಳ ಜೊತೆಗೆ ಆ ಮರದ ಇತರ ವಸ್ತುಗಳನ್ನೂ ಹೀರಬಲ್ಲದು. ಕಣಗಿಲೆಯ ಮೇಲೆ ಬೆಳೆದ ಬಂದಳಿಕೆಯಲ್ಲಿ ಹೃದಯಕ್ಕೆ ಅಪಾಯಕಾರಿಯಾದ ವಸ್ತುಗಳು ಕಂಡುಬಂದಿವೆ. ಕೊಯ್ದು ಒಣಗಿಸಿದ ಮೇಲೆ ಅದು ಯಾವ ಮರದ್ದೆಂದು ನೋಡಿ ಹೇಳುವುದು ಕಷ್ಟ.

ಗಿಡದ ಭಾಗ: ಇದೇ ಕಷಾಯದ 'ಶಿಶಿನ್' ಎಂಬ ಗಿಡದಲ್ಲಿ ಮೂತ್ರಪಿಂಡವನ್ನು ಕೆಡಿಸುವ ಅರಿಸ್ಟೊಲೋಕಿಕ್ ಆಮ್ಲವಿರುತ್ತದೆ. ಬೇರಿಗಿಂತ ಎಲೆಯಲ್ಲಿ ಇದರ ಪ್ರಮಾಣ ಹೆಚ್ಚು. ಆದ್ದರಿಂದ ಚೀನಾದ ಅಧಿಕೃತ ಔಷಧಕೋಶವು 2005ರಲ್ಲಿ ಇಡೀ ಗಿಡದ ಬಳಕೆಯನ್ನು ಕೈಬಿಟ್ಟು, ಬೇರು ಮತ್ತು ಬೇರುಕಾಂಡವನ್ನು ಮಾತ್ರ ಉಳಿಸಿಕೊಂಡಿತು.

ಗುರುತು: 'ದುಝೊಂಗ್' ಎಂಬ ಮರದ ತೊಗಟೆಯನ್ನು ಮುರಿದು ಎಳೆದರೆ ರಬ್ಬರಿನಂತಹ ಬಿಳಿ ಎಳೆಗಳು ಕಾಣುತ್ತವೆ, ಕಲಬೆರಕೆ ಪತ್ತೆಗೆ ಇದು ಸುಲಭ ಪರೀಕ್ಷೆ. ಎಲ್ಲ ಮೂಲಿಕೆಗಳಿಗೂ ಇಂತಹ ಗುರುತು ಇರುವುದಿಲ್ಲ. ಇನ್ನೊಂದು ಮೂಲಿಕೆಯಾದ 'ನಿಯುಶಿ' ನಮ್ಮ ಉತ್ತರಾಣಿಯ ಹತ್ತಿರದ ಸಂಬಂಧಿ. ಆದರೆ ಅದೂ ಬೇರೆ ಜಾತಿ. ಸಂಬಂಧಿ ಎಂದ ಮಾತ್ರಕ್ಕೆ ಬದಲಿಯಾಗದು.

ಈ ಕಷಾಯದಿಂದ ಮೊಣಕಾಲು ನೋವು ತಗ್ಗಿತೆಂದು ಕೆಲವು ಪ್ರಯೋಗಗಳು ಹೇಳುತ್ತವೆ. ಆದರೆ ದೃಢವಾದ ಪುರಾವೆ ಇನ್ನೂ ಸಾಲದು. ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ಸೇವಿಸುವವರು, ಗರ್ಭಿಣಿಯರು, ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಇಂತಹ ಯಾವ ಕಷಾಯವನ್ನೂ ಮುಟ್ಟಬಾರದು.

ಬಿತ್ತನೆ ಬೀಜ ಕೊಳ್ಳುವಾಗ ತಾವು ತಳಿ ಯಾವುದು, ಎಲ್ಲಿಂದ ಬಂತು ಎಂದು ವಿಚಾರಿಸುತ್ತೀರಿ. ಮೂಲಿಕೆಗೂ ಅದೇ ಕ್ರಮ ಅನ್ವಯಿಸುತ್ತದೆ. ಯಾವ ಗಿಡ, ಯಾವ ಭಾಗ, ಬಂದಳಿಕೆಯಾದರೆ ಯಾವ ಮರದ್ದು ಎಂದು ಕೇಳಿರಿ. ಉತ್ತರ ಸಿಗದಿದ್ದರೆ ಸೇವಿಸಬೇಡಿರಿ. ತೋಟದ ಬಂದಳಿಕೆಯನ್ನು ಹಣ್ಣಾಗುವ ಮೊದಲೇ, ಅದು ಅಂಟಿದ ಜಾಗದಿಂದ ಕೆಳಗೆ ಕೊಂಬೆಸಮೇತ ಕತ್ತರಿಸಿ ತೆಗೆಯಿರಿ. ಮರಕ್ಕೆ ಅದೇ ಔಷಧ. ಮೊಣಕಾಲಿನ ನೋವನ್ನು ಮಾತ್ರ ವೈದ್ಯರಿಗೆ ತೋರಿಸಿರಿ.