ಗೋಡೆ ಯಾರದು, ಚಿತ್ತಾರ ಯಾರದು?

ಬೆಂಗಳೂರಿನಿಂದ ಹೊನ್ನಾವರಕ್ಕೆ ಹೋಗುವ ಬಿ.ಎಚ್. ರಸ್ತೆಯಲ್ಲಿ ಭದ್ರಾವತಿ ದಾಟಿ ಶಿವಮೊಗ್ಗದತ್ತ ಸಾಗುವಾಗ ಮಲವಗೊಪ್ಪ ಸಿಗುತ್ತದೆ. ಊರೆಂದರೆ ಊರು, ಬಡಾವಣೆಯೆಂದರೆ ಬಡಾವಣೆ. ಬಸ್ಸಿನ ಕಿಟಕಿಯಿಂದ ಕಾಣುವುದು ಹೆಚ್ಚಾಗಿ ಗೋಡೆಗಳೇ. ಅವುಗಳ ಮೇಲೆ ಸಿಮೆಂಟಿನ, ಬನಿಯನ್ನಿನ, ಮೂಲವ್ಯಾಧಿ ಚಿಕಿತ್ಸೆಯ ಜಾಹೀರಾತುಗಳು. ಚುನಾವಣೆ ಮುಗಿದರೂ ಅಳಿಯದ ಚಿಹ್ನೆಗಳು. 'ಭಿತ್ತಿಪತ್ರ ಅಂಟಿಸಬಾರದು' ಎಂಬ ಎಚ್ಚರಿಕೆ, ಅದರ ಮೇಲೆಯೇ ಅಂಟಿಸಿದ ಭಿತ್ತಿಪತ್ರ. ನಮ್ಮ ಊರುಗಳ ಗೋಡೆಗಳು ಆಡುವ ಮಾತು ಬಹುಮಟ್ಟಿಗೆ ಇಷ್ಟೇ.

ಗೋಡೆಗಳಿಂದಲೇ ಹೆಸರಾದ ಊರುಗಳೂ ಜಗತ್ತಿನಲ್ಲಿವೆ. ಕೆನಡಾದ ವ್ಯಾಂಕೂವರ್ ದ್ವೀಪದಲ್ಲಿ ಶೆಮೇನಸ್ ಎಂಬ ಪುಟ್ಟ ಪಟ್ಟಣವಿದೆ. ಮರದ ಮಿಲ್ಲನ್ನೇ ನಂಬಿ ಬದುಕಿದ್ದ ಆ ಊರಿನ ಮಿಲ್ಲು 1983ರಲ್ಲಿ ಮುಚ್ಚಿತು. ಅದಕ್ಕೆ ಒಂದು ವರ್ಷ ಮೊದಲೇ, ಅಂದರೆ 1982ರಲ್ಲಿ, ಊರಿನವರು ಅಂಗಡಿ ಕಟ್ಟಡಗಳ ಗೋಡೆಗಳ ಮೇಲೆ ತಮ್ಮದೇ ಚರಿತ್ರೆಯನ್ನು ಬರೆಸಲು ತೊಡಗಿದ್ದರು. ಮರ ಕಡಿಯುವವರು, ಮಿಲ್ಲಿನ ಕೂಲಿಗಳು, ಅಲ್ಲಿನ ಮೂಲನಿವಾಸಿಗಳು ಗೋಡೆಗೇರಿದರು. ಇಂದು ಅಲ್ಲಿ 40ಕ್ಕೂ ಹೆಚ್ಚು ಭಿತ್ತಿಚಿತ್ರಗಳಿದ್ದು, ಅವನ್ನು ನೋಡಲು ಬರುವ ಪ್ರವಾಸಿಗರಿಂದಲೇ ಊರು ಉಸಿರಾಡುತ್ತಿದೆ.

ಈ ಕಥೆ ಭದ್ರಾವತಿಯ ಪಕ್ಕದಲ್ಲಿ ನಿಂತವನಿಗೆ ಬೇರೆಯಾಗಿಯೇ ಕೇಳಿಸುತ್ತದೆ. 1918ರಲ್ಲಿ ಮೈಸೂರು ಸಂಸ್ಥಾನ ಆರಂಭಿಸಿದ ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿದ್ದು ಊರನ್ನೇ ಬೀದಿಗಿಳಿಸಿತು. 1936ರಲ್ಲಿ ಸ್ಥಾಪನೆಗೊಂಡು, ಮುಂದೆ ಪತ್ರಿಕೆಗಳಿಗೆ ಕಾಗದ ಒದಗಿಸಿದ ಮೈಸೂರು ಪೇಪರ್ ಮಿಲ್ಸ್ 2015ರಲ್ಲಿ ಉತ್ಪಾದನೆ ನಿಲ್ಲಿಸಿತು. ನಮ್ಮಲ್ಲಿ ಕಾರ್ಖಾನೆ ನಿಂತರೆ ಉಳಿಯುವುದು ಉದ್ದನೆಯ ಕಾಂಪೌಂಡು ಮಾತ್ರ. ಅಂಥ ಗೋಡೆಗಳಿಗೂ ಹೇಳಲು ಕಥೆ ಇಲ್ಲವೇ ಎಂದು ಯೋಚಿಸುತ್ತ ಅದೇ ರಸ್ತೆಯಲ್ಲಿ ಮುಂದೆ ಸಾಗಿದರೆ, ಶಿವಮೊಗ್ಗದಿಂದ ಸುಮಾರು 70 ಕಿ.ಮೀ. ದೂರದ ಸಾಗರದಲ್ಲಿ ಉತ್ತರದ ಎಳೆಯೊಂದು ಸಿಗುತ್ತದೆ.

ಸಾಗರ, ಸೊರಬ ಹಾಗೂ ನೆರೆಯ ಸಿದ್ದಾಪುರ ಸೀಮೆಯ ದೀವರ ಮನೆಗಳಲ್ಲಿ ಮದುವೆಯೆಂದರೆ ಗೋಡೆಗೂ ಸಿಂಗಾರ. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಹೆಂಗಸರು 'ಹಸೆ ಚಿತ್ತಾರ' ಬರೆಯುತ್ತಾರೆ. ಅಕ್ಕಿಹಿಟ್ಟಿನಿಂದ ಬಿಳಿ, ಕಪ್ಪಗೆ ಹುರಿದ ಅಕ್ಕಿಯಿಂದ ಕಪ್ಪು, ಗುರಿಗೆ ಕಾಯಿಯಿಂದ ಹಳದಿ. ಪುಂಡಿ ನಾರೇ ಕುಂಚ. ತೇರು, ಬಾಸಿಂಗ, ಏಣಿ, ಪೋಪಳಿ ಎಂಬ ಹೆಸರುಗಳ ಗೆರೆಗಳು ಒಂದರೊಳಗೊಂದು ಹೆಣೆದುಕೊಂಡು ಮದುಮಕ್ಕಳು ಕೂರುವ ಹಸೆಯ ಹಿಂದೆ ಚಾಚಿಕೊಳ್ಳುತ್ತವೆ. ಭೂಮಿ ಹುಣ್ಣಿಮೆಯ ಹೊತ್ತಿಗೆ ಇದೇ ಚಿತ್ತಾರ ಬುಟ್ಟಿಯ ಮೇಲೆ ಮೂಡುತ್ತದೆ. ತೆನೆ ಹೊತ್ತ ಗದ್ದೆಯನ್ನು ಬಸುರಿ ಹೆಣ್ಣೆಂದು ಬಗೆದು, ಆಕೆಯ ಬಯಕೆಯ ಊಟವನ್ನು 'ಭೂಮಣ್ಣಿ ಬುಟ್ಟಿ'ಯಲ್ಲಿ ಹೊತ್ತು ಬಡಿಸುವ ಹಬ್ಬವದು.

ಸಾಗರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಮದುವೆ ಮುಗಿದ ಮನೆಯೊಂದಕ್ಕೆ ಹೋಗಿದ್ದಾಗ, ಚಿತ್ತಾರ ಬರೆದವರು ಯಾರೆಂದು ಕೇಳಿದೆ. ಮನೆಯ ಹಿರಿಯಾಕೆಗೆ ಪ್ರಶ್ನೆಯೇ ವಿಚಿತ್ರವೆನಿಸಿತು. ತಾನು, ಸೊಸೆ, ಪಕ್ಕದ ಮನೆಯವರು ಸೇರಿ ಬರೆದದ್ದೆಂದು ಹೇಳಿ ಒಳಗೆ ಹೋದರು. ಮೂಲೆಯಲ್ಲಿ ಸಹಿಯಿಲ್ಲ, ತಾರೀಕಿಲ್ಲ. ಮುಂದಿನ ಶುಭಕಾರ್ಯಕ್ಕೆ ಗೋಡೆ ಸಾರಿಸಿದಾಗ ಇದು ಅಳಿದು, ಹೊಸದು ಬರಬೇಕು. ಅಳಿಯುವುದು ಆ ಕಲೆಯ ಬಾಳಿನ ಒಂದು ಭಾಗವೇ ಹೊರತು ಸಾವಲ್ಲ. ಮತ್ತೆ ಬರೆಯುವ ಕೈ ಇಲ್ಲದಾದಾಗ ಮಾತ್ರ ಅದು ಸಾವಾಗುತ್ತದೆ.

ಆ ಕೈಗಳ ಚರಿತ್ರೆ ಸುಖದ್ದೇನಲ್ಲ. 1951ರ ಕಾಗೋಡು ಸತ್ಯಾಗ್ರಹದಲ್ಲಿ ಕೊಳಗದ ಅಳತೆಯ ಅನ್ಯಾಯದ ವಿರುದ್ಧ ನಿಂತ ಗೇಣಿದಾರರು ಬಹುತೇಕ ಇದೇ ಸಮುದಾಯದವರು. 1960ರ ದಶಕದಲ್ಲಿ ಲಿಂಗನಮಕ್ಕಿಯ ಹಿನ್ನೀರು ಶರಾವತಿ ಕಣಿವೆಯನ್ನು ತುಂಬಿದಾಗ ಮನೆಗಳೊಂದಿಗೆ ಗೋಡೆಗಳೂ ಮುಳುಗಿದವು. ನಾಡಿಗೆ ಬೆಳಕು ಬಂತು. ಲಾರಿ ಹತ್ತಿ ಬೇರೆಡೆಗೆ ಹೋದವರು ಮತ್ತೆ ಗೋಡೆ ಕಟ್ಟಬೇಕಾಯಿತು. 1974ರ ಭೂಸುಧಾರಣೆಯ ಬಳಿಕ ಗೇಣಿದಾರ ಒಡೆಯನಾದ. ಕಾಲಕ್ರಮದಲ್ಲಿ ಮಣ್ಣಿನ ಗೋಡೆಯ ಜಾಗಕ್ಕೆ ಇಟ್ಟಿಗೆ ಸಿಮೆಂಟಿನ ಗೋಡೆ ಬಂತು. ಚಿತ್ತಾರ ಹಿಂದೆ ಸರಿಯಿತೆಂದು ಈ ಬದಲಾವಣೆಯನ್ನು ಶಪಿಸುವುದು ನೆರೆಮನೆಯವನು ಎಂದಿಗೂ ಗುಡಿಸಲಲ್ಲೇ ಇರಲೆಂದು ಹಾರೈಸಿದಂತೆ. ಸೋರದ ಮನೆ ಎಲ್ಲರ ಹಕ್ಕು.

ಹಾಗಿದ್ದರೆ ಚಿತ್ತಾರಕ್ಕೆ ಉಳಿದಿರುವ ಗೋಡೆ ಯಾವುದು? ಸಾರ್ವಜನಿಕ ಗೋಡೆ ಎಂಬ ಉತ್ತರ ಸುಲಭವಾಗಿ ಹೊಳೆಯುತ್ತದೆ. ಆದರೆ ಇಲ್ಲಿ ಎಚ್ಚರ ಬೇಕು. ಬೆಂಗಳೂರಿನ ಪಾಲಿಕೆ 2009ರ ಸುಮಾರಿಗೆ ರಸ್ತೆಬದಿಯ ಗೋಡೆಗಳ ಮೇಲೆ ನಾಡಿನ ಸ್ಮಾರಕ, ಪ್ರಾಣಿ, ಜನಪದ ದೃಶ್ಯಗಳನ್ನು ಬರೆಸಿದಾಗ, ಫ್ಲೆಕ್ಸಿನಿಂದ ಕೆಲಸ ಕಳೆದುಕೊಂಡಿದ್ದ ಸಿನಿಮಾ ಫಲಕದ ಕಲಾವಿದರಿಗೆ ಕೆಲ ಕಾಲ ಅನ್ನ ಸಿಕ್ಕಿತು. ಅದು ಒಳ್ಳೆಯದೇ. ಆದರೆ ನಗರಸೌಂದರ್ಯವೆಂಬುದು ಒಮ್ಮೆ ಟೆಂಡರಿನ ಬಾಬತ್ತಾದರೆ ಚದರಡಿಯೇ ಮುಖ್ಯವಾಗುತ್ತದೆ. ಗೆರೆಯ ಅರ್ಥ ಬಲ್ಲವರು ಬೇಕಿಲ್ಲ, ಅಚ್ಚು ಇದ್ದರೆ ಸಾಕು.

ಬಿಹಾರದ ಮಧುಬನಿ ಈ ದಾರಿಯನ್ನು ನಮಗಿಂತ ಮೊದಲೇ ನಡೆದಿದೆ. 1934ರ ಭೂಕಂಪದಲ್ಲಿ ಬಿರಿದ ಮನೆಗಳೊಳಗೆ ಬ್ರಿಟಿಷ್ ಅಧಿಕಾರಿ ವಿಲಿಯಂ ಆರ್ಚರ್ ಆ ಗೋಡೆಚಿತ್ರಗಳನ್ನು ಕಂಡರು. 1960ರ ದಶಕದ ಬರಗಾಲದಲ್ಲಿ ಹೆಂಗಸರ ಕೈಗೆ ಕಾಗದ ಬಂತು, ಕಾಗದದಿಂದ ಕೂಲಿ ಬಂತು, ಕೂಲಿಯೊಂದಿಗೆ ಹೆಸರೂ ಬಂತು. ಗೋಡೆಯಲ್ಲಿ ಅನಾಮಿಕರಾಗಿದ್ದವರು ಜಗದಂಬಾ ದೇವಿ, ಸೀತಾ ದೇವಿ, ಗಂಗಾ ದೇವಿ ಎಂದು ಲೋಕಕ್ಕೆ ಪರಿಚಿತರಾದರು. ಅದೇ ಗಂಗಾ ದೇವಿ ದೆಹಲಿಯ ಕರಕುಶಲ ವಸ್ತುಸಂಗ್ರಹಾಲಯದ ಗೋಡೆಗಳ ಮೇಲೆ ಬರೆದ 'ಕೋಹಬರ್', ಅಂದರೆ ಮದುವೆಮನೆಯ ಚಿತ್ರ, 2015ರಲ್ಲಿ ನವೀಕರಣದ ವೇಳೆ ನಾಶವಾಯಿತು. ಕಲೆಯನ್ನು ಕಾಯಲೆಂದೇ ಇರುವ ಮನೆಯಲ್ಲೂ ಗೋಡೆ ಕ್ಷೇಮವಲ್ಲ. ಕ್ಷೇಮವಾಗಿ ಉಳಿದದ್ದು ಮಿಥಿಲೆಯ ಸಾವಿರಾರು ಕೈಗಳಲ್ಲಿರುವ ವಿದ್ಯೆ ಮಾತ್ರ.

ಮಲೆನಾಡಿಗೆ ಇದರಲ್ಲಿ ಪಾಠವಿದೆ. ಸಾಗರದ ಬಳಿಯ ಸಿರಿವಂತೆಯಂಥ ಊರುಗಳಲ್ಲಿ ಚಿತ್ತಾರ ಈಗಾಗಲೇ ಕಾಗದ, ಬಟ್ಟೆಗಳಿಗೆ ಇಳಿದು ಕೆಲವರಿಗಾದರೂ ಜೀವನೋಪಾಯವಾಗಿದೆ. ಶಿವಮೊಗ್ಗದ ಶಾಲೆ, ಬಸ್ ನಿಲ್ದಾಣ, ಕಚೇರಿಗಳ ಗೋಡೆಗಳಿಗೆ ಚಿತ್ತಾರ ಬೇಕೆಂದಾದರೆ, ಅದನ್ನು ಬರೆಯುವವರು ಗುತ್ತಿಗೆದಾರನ ಆಳುಗಳಾಗದೆ ಆ ಹಳ್ಳಿಗಳ ಹೆಂಗಸರೇ ಆಗಲಿ. ನುರಿತ ಕಸುಬಿಗೆ ಸಲ್ಲುವ ಕೂಲಿ ಅವರಿಗೆ ಸಲ್ಲಲಿ. ಗೋಡೆಯ ಮೂಲೆಯಲ್ಲಿ, ಅವರು ಒಪ್ಪಿದರೆ, ಅವರ ಹೆಸರಿರಲಿ. ಮೂರು ವರ್ಷಕ್ಕೋ ನಾಲ್ಕು ವರ್ಷಕ್ಕೋ ಬಣ್ಣ ಮಾಸಿದಾಗ ಅವರನ್ನೇ ಕರೆಸಿ, ಪಕ್ಕದಲ್ಲಿ ಶಾಲೆಯ ಮಕ್ಕಳನ್ನು ಕೂರಿಸಿ ಮತ್ತೆ ಬರೆಸುವ ಪದ್ಧತಿ ಬರಲಿ. ಆಗ ಮಾಸುವುದೇ ಕಲಿಸುವುದಕ್ಕೆ ನೆಪವಾಗುತ್ತದೆ.

ಭದ್ರಾವತಿಯ ಗೋಡೆಗಳಿಗೆ ಚಿತ್ತಾರವೇ ಆಗಬೇಕೆಂದೂ ಇಲ್ಲ. ಅಲ್ಲಿ ಕುಲುಮೆಯ ಮುಂದೆ ಬೆವರಿದವರ, ಬಿದಿರನ್ನು ಕಾಗದವಾಗಿಸಿದವರ ಚಿತ್ರ ಮೂಡಲಿ. ಶೆಮೇನಸ್ಸಿನವರು ಮಾಡಿದ್ದೂ ಅಷ್ಟೇ: ಬೇರೆಯವರ ಚಿತ್ರ ತಂದು ಅಂಟಿಸದೆ, ತಮ್ಮ ಬದುಕನ್ನು ಬರೆದರು. ಬಣ್ಣದಿಂದ ಕಾರ್ಖಾನೆ ತೆರೆಯದು, ಅದು ಸಂಬಳಕ್ಕೆ ಬದಲಿಯೂ ಅಲ್ಲ. ಆದರೆ ಒಂದು ಊರು ತನ್ನನ್ನು ತಾನು ಮರೆಯದಿರಲು ಗೋಡೆಯಷ್ಟು ಅಗ್ಗದ ಪುಸ್ತಕ ಇನ್ನೊಂದಿಲ್ಲ.

ಹಿಂತಿರುಗುವಾಗ ಮಲವಗೊಪ್ಪದ ಬಳಿ ಯುವಕನೊಬ್ಬ ಕಾಂಪೌಂಡಿಗೆ ಸುಣ್ಣ ಬಳಿಯುತ್ತಿದ್ದ. ಹಳೆಯ ಜಾಹೀರಾತು ಮರೆಯಾಗಿ ಬಿಳಿಯ ಗೋಡೆ ಬಿಸಿಲಿಗೆ ಹೊಳೆಯುತ್ತಿತ್ತು. ಅದರ ಮೇಲೆ ಬರುವುದು ಬಹುಶಃ ಮತ್ತೊಂದು ಸಿಮೆಂಟಿನ ಹೆಸರೇ ಇರಬೇಕು. ಆದರೂ ಆ ಕ್ಷಣಕ್ಕೆ ಅದು ಯಾರದೋ ಮದುವೆಗೆ ಸಾರಿಸಿಟ್ಟ ಗೋಡೆಯಂತೆಯೇ ಕಂಡಿತು.