ಎಸ್‌ಯುವಿ ಕೊಳ್ಳುವ ಮುನ್ನ: ನಾಲ್ಕೂ ಚಕ್ರಗಳಿಗೆ ಶಕ್ತಿ ಬೇಕೇ?

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಿಂದ ಸ್ವಂತ ವಾಹನದಲ್ಲೇ ಊರಿಗೆ ಹೊರಡುವ ನಮ್ಮವರಿಗೆ ಒಂದು ಸಲಹೆ ತಪ್ಪದೇ ಸಿಗುತ್ತದೆ: ಮಳೆಗಾಲದ ಘಾಟಿಗೆ ಆಲ್-ವೀಲ್-ಡ್ರೈವ್ ಇರಲೇಬೇಕು.

ಭಾರತದಲ್ಲಿ ಮಾರಾಟವಾಗುವ ಕ್ರೆಟಾ, ಸೆಲ್ಟೋಸ್‌ಗಳಲ್ಲಿ ಶಕ್ತಿ ಮುಂದಿನ ಚಕ್ರಗಳಿಗೆ ಮಾತ್ರ. ಗ್ರ್ಯಾಂಡ್ ವಿಟಾರಾದ ಆಲ್‌ಗ್ರಿಪ್ ಮಾದರಿಯಲ್ಲಿ ಮುಂದಿನ ಚಕ್ರ ಜಾರಿದರೆ ಹಿಂದಿನವಕ್ಕೂ ಶಕ್ತಿ ತಾನಾಗಿ ಹರಿಯುತ್ತದೆ. ಜಿಮ್ನಿ ಹಾಗೂ ಥಾರ್ 4x4 ಬೇರೆ ಬಗೆಯವು: ಲಿವರ್ ಎಳೆದು ನಾವೇ ಜೋಡಿಸಬೇಕು, ಕೆಸರಿನ ಏರಿಗೆಂದು ನಿಧಾನಗತಿಯ ಗೇರುಗಳೂ ಉಂಟು. ಒಣ ಡಾಂಬರಿನಲ್ಲಿ ಹಾಗೆಯೇ ಓಡಿಸಿದರೆ ತಿರುವುಗಳಲ್ಲಿ ಯಂತ್ರಭಾಗಗಳು ಬಿಗಿದುಕೊಳ್ಳುತ್ತವೆ.

ಆದರೆ ಅಂಬೋಲಿಯನ್ನೋ ಚಾರ್ಮಾಡಿಯನ್ನೋ ಇಳಿಯುವಾಗ ಬೇಕಾದುದು ಬ್ರೇಕು ಮತ್ತು ಟಯರು. ಬ್ರೇಕು ಎಲ್ಲ ಕಾರುಗಳಲ್ಲೂ ನಾಲ್ಕು ಚಕ್ರಗಳಿಗೇ ಇದೆ. ಶಕ್ತಿಯ ಹಂಚಿಕೆಯಿಂದ ಕಾರು ಬೇಗ ನಿಲ್ಲದು. ಟಯರಿನ ಗೆರೆಗಳ ಆಳ 1.6 ಮಿ.ಮೀ. ಇದ್ದರೆ ಕಾನೂನು ಒಪ್ಪೀತು, ಘಾಟಿ ಒಪ್ಪಲಾರದು. ಊರಮನೆಗೆ ಕೊನೆಯ ದಾರಿ ಕೆಸರಿನ ಏರಾಗಿದ್ದರೆ ಈ ಸೌಲಭ್ಯಕ್ಕೆ ಹೆಚ್ಚಿನ ಹಣ ತೆರುವುದು ಸರಿಯೇ. ಡಾಂಬರು ಅಂಗಳದವರೆಗೆ ಬಂದಿದ್ದರೆ, ನಮ್ಮ ಮಟ್ಟಿಗೆ, ಆ ಹಣ ಒಳ್ಳೆಯ ಟಯರುಗಳಿಗೆ ಸಲ್ಲಲಿ.

ಇಲ್ಲಿನ ನೆರೆಯ ಮಾತೇ ಬೇರೆ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ 944 ಮಿ.ಮೀ. ಮಳೆ ಸುರಿದಾಗ ಮುಂಬಯಿಯಲ್ಲಿ ಕಾರಿನೊಳಗೇ ಸಿಲುಕಿ ಪ್ರಾಣ ಬಿಟ್ಟವರಿದ್ದಾರೆ. ಗಾಳಿ ಹೀರುವ ಕೊಳವೆಗೆ ನೀರು ಹೊಕ್ಕರೆ ಯಾವ ಎಸ್‌ಯುವಿಯೂ ನಿಲ್ಲುತ್ತದೆ. ನಿಂತ ಎಂಜಿನನ್ನು ಮತ್ತೆ ಚಾಲೂ ಮಾಡಬಾರದು, ಒಳಗಿನ ಭಾಗಗಳು ಬಾಗಿಹೋದಾವು. ನೀರು ಏರುತ್ತಿದ್ದರೆ ಕಾರನ್ನು ಬಿಟ್ಟು ಮಕ್ಕಳೊಡನೆ ಎತ್ತರದ ಜಾಗ ಸೇರಬೇಕು.