ಉಲ್ಟ್ರಾಫ್ರಾಗೊಲಾ: ಇಟಲಿಯ ಒಂದು ದೀಪಗನ್ನಡಿ

ಕನ್ನಡಿಗೆ ಬೆಳಕು ಹೊರಗಿನಿಂದ ಬರಬೇಕು. ಇಂಡಿ, ಸಿಂದಗಿ ಕಡೆಯ ತಾಂಡಾಗಳ ಲಂಬಾಣಿ ಸ್ತ್ರೀಯರು ಉಡುಪಿಗೆ ಹೊಲಿದುಕೊಳ್ಳುವ ಕನ್ನಡಿ ಬಿಲ್ಲೆಗಳೂ ಬಿಸಿಲು ತಾಗಿದಾಗಲೇ ಹೊಳೆಯುವುವು. ದೀಪವನ್ನು ಚೌಕಟ್ಟಿನೊಳಗೇ ಅಡಗಿಸಿದ ಇಟಲಿಯ ಗೋಡೆಗನ್ನಡಿಯೊಂದನ್ನು ನಾವಿಲ್ಲಿ ಪರಿಶೀಲಿಸುತ್ತೇವೆ. ಶಾಸನದಂತೆ ಪೀಠೋಪಕರಣವೂ ತನ್ನ ಕಾಲಕ್ಕೆ ಸಾಕ್ಷಿ ನುಡಿಯಬಲ್ಲದೆಂಬುದು ನಮ್ಮ ಅಭಿಪ್ರಾಯ.

ಇದರ ರೂಪಕಾರ ಎಟ್ಟೋರೆ ಸೊಟ್ಸಾಸ್ (1917–2007). ಯುದ್ಧಾನಂತರದ ಇಟಲಿಯ ಕೈಗಾರಿಕಾ ಏಳಿಗೆಯಲ್ಲಿ ಪಾಲುಗೊಂಡ ವಾಸ್ತುಶಿಲ್ಪಿಗಳಲ್ಲಿ ಈತನೊಬ್ಬನು. ಒಲಿವೆಟ್ಟಿ ಸಂಸ್ಥೆಯು 1959ರಲ್ಲಿ ಹೊರತಂದ ಎಲಿಯಾ 9003 ಗಣಕಯಂತ್ರಕ್ಕೆ ಆಕಾರವಿತ್ತವನು. 1961ರಲ್ಲಿ ಭಾರತವನ್ನು ಸಂದರ್ಶಿಸಿ, 1964ರಲ್ಲಿ ‘ಶಿವನಿಗೆ ಕಾಣಿಕೆ’ ಎಂಬರ್ಥದ ಹೆಸರಿನ ಮಣ್ಣಿನ ತಟ್ಟೆಗಳನ್ನು ರಚಿಸಿದನು. ಹಾಗೆಂದು ಕನ್ನಡಿಯ ಮೂಲವನ್ನೂ ನಮ್ಮ ದೇಶದಲ್ಲಿಯೇ ಹುಡುಕಹೊರಡುವುದು ಅಭಿಮಾನವಾದೀತೇ ಹೊರತು ಇತಿಹಾಸವಾಗದು.

1970ರಲ್ಲಿ ಟಸ್ಕನಿಯ ಪೋಲ್ಟ್ರೊನೋವಾ ಸಂಸ್ಥೆಗಾಗಿ ಆತನು ‘ಮೋಬಿಲಿ ಗ್ರಿಜಿ’, ಅರ್ಥಾತ್ ಬೂದುಬಣ್ಣದ ಪೀಠೋಪಕರಣಗಳು, ಎಂಬ ಮಾಲಿಕೆಯನ್ನು ಕಲ್ಪಿಸಿದನು. ಉಲ್ಟ್ರಾಫ್ರಾಗೊಲಾ ಅದರದೊಂದು ಅಂಗ. ‘ಫ್ರಾಗೊಲಾ’ ಎಂದರೆ ಸ್ಟ್ರಾಬೆರಿ ಹಣ್ಣು. ಎತ್ತರ ಸುಮಾರು 195 ಸೆಂಟಿಮೀಟರ್, ಅಗಲ ಸುಮಾರು 100. ಎಂದರೆ ನಿಂತ ಮನುಷ್ಯನನ್ನು ಪೂರ್ತಿಯಾಗಿ ತೋರಿಸುವಷ್ಟು. ಇಕ್ಕೆಲಗಳಲ್ಲಿ ಚೌಕಟ್ಟು ಬಿಚ್ಚಿದ ಹೆರಳಿನಂತೆ ಅಲೆಯಲೆಯಾಗಿ ಇಳಿದಿದೆ. ಪ್ಲಾಸ್ಟಿಕ್ ಹಾಳೆಯನ್ನು ಕಾಯಿಸಿ ಮೆದುಗೊಳಿಸಿ, ನಡುವಿನ ಗಾಳಿಯನ್ನು ಹೀರಿ ಅಚ್ಚಿಗೆ ಅಂಟಿಸಿದರೆ ಮರಗೆಲಸಕ್ಕೆ ಸುಲಭವಾಗಿ ಎಟುಕದ ಇಂಥ ಬಳುಕು ಒದಗುತ್ತದೆ. ಹಾಲುಬಿಳುಪಿನ ಆ ಚೌಕಟ್ಟಿನ ಹಿಂದೆ ನಿಯಾನ್ ನಳಿಗೆಗಳು. ದೀಪ ಆರಿರುವಾಗ ಅದು ಬಿಳಿಯ ಚೌಕಟ್ಟು ಮಾತ್ರ; ಉರಿದೊಡನೆ ಅಲೆಗಳೆಲ್ಲ ನಸುಗೆಂಪಾಗಿ, ನೋಡುವವನ ಮುಖಕ್ಕೂ ಆ ಬಣ್ಣವನ್ನೇ ಬಳಿಯುತ್ತವೆ. ಇದ್ದುದನ್ನು ಇದ್ದಂತೆ ತೋರಿಸುವ ಕನ್ನಡಿಯ ಧರ್ಮ ಇಲ್ಲಿ ಬದಲಾಯಿತು.

ಮಾಲಿಕೆಗೆ ಬೂದುಬಣ್ಣವೇ ಏಕೆ? ಜಾಹೀರಾತುಗಾರರು ತಮ್ಮ ಸರಕಿನ ಪ್ರಚಾರಕ್ಕೆ ಸುಲಭವಾಗಿ ಬಳಸಲಾರದ ಬಣ್ಣವದು ಎಂಬ ಅರ್ಥದಲ್ಲಿ ಸೊಟ್ಸಾಸ್ ಬರೆದಿದ್ದನು. ಸರಕಿನ ಸಮಾಜದ ಬಗೆಗೆ ಅವನಲ್ಲಿದ್ದ ಸಂಶಯಕ್ಕೆ ಇದು ನಿದರ್ಶನ. ಆದರೆ ಆ ಕುಟುಂಬದಲ್ಲಿ ಹುಟ್ಟಿದ ಕನ್ನಡಿಯೇ 21ನೆಯ ಶತಮಾನದಲ್ಲಿ, ಪ್ರಸಿದ್ಧರು ಅದರ ಮುಂದೆ ನಿಂತು ಮೊಬೈಲಿನಲ್ಲಿ ತಮ್ಮ ಚಿತ್ರವನ್ನು ತಾವೇ ತೆಗೆದುಕೊಂಡು ಪ್ರಕಟಿಸತೊಡಗಿದ ಮೇಲೆ, ಸಿರಿವಂತಿಕೆಯ ಗುರುತಾಗಿ ಜಗತ್ತಿಗೆ ಪರಿಚಿತವಾಯಿತು. ಅದರ ಅನುಕರಣೆಗಳೂ ಮಾರುಕಟ್ಟೆಗೆ ಬಂದಿವೆ. ಇಂದಿನ ಚಿತ್ರಗಳನ್ನಷ್ಟೇ ಕಂಡವರು ಇದನ್ನು ಶುದ್ಧ ಅಲಂಕಾರವೆಂದು ಎಣಿಸುವುದು ಸಹಜ. 1970ರ ಇಟಲಿಯನ್ನು ಅರಿಯಲು ಇದನ್ನು ಆಧಾರವಾಗಿ ಬಳಸುವ ವಿದ್ಯಾರ್ಥಿಯು ಮಾಲಿಕೆಯ ಉಳಿದ ಬೂದು ವಸ್ತುಗಳ ನಡುವೆ ಇದನ್ನಿರಿಸಿ, ದೀಪ ಆರಿಸಿಯೂ ಒಮ್ಮೆ ನೋಡಬೇಕು.